ಬಾಗಿಲಲ್ಲಿ ಸಾಲುಗಟ್ಟಿ ನಿಂತವರು ಎಲ್ಲಿ ಹೋದರು?

ಪ್ರಣಯದ ಸಿನಿಮಾದ ಮಾತು ಈ ಪತ್ರಿಕೆಯಲ್ಲಿ ಏಕೆ ಎಂದು ಕೆಲವು ಗೆಳೆಯರು ಕೇಳಬಹುದು. ಕೂಲಿಯ ಪ್ರಶ್ನೆ ಇದೆ, ಬೋನಸ್ಸಿನ ಪ್ರಶ್ನೆ ಇದೆ, ಅಂಗಡಿಕಾರರ ಸಾಲದ ಪ್ರಶ್ನೆ ಇದೆ. ಇವನ್ನೆಲ್ಲ ಬಿಟ್ಟು ಮಾಸ್ತರು ಟಾಕೀಸಿನ ಕಡೆ ಹೊರಟರೇ ಎಂದು ನಗಲೂಬಹುದು. ನಗಲಿ, ನಗುವುದು ತಪ್ಪಲ್ಲ. ನಾನು ಹೇಳಹೊರಟಿರುವುದೂ ನಗಿಸುವ ಚಿತ್ರದ ವಿಚಾರವೇ. ಅದರಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ, ಕೊನೆಗೊಂದು ಮದುವೆ ಎಲ್ಲ ಉಂಟು. ಆದರೆ ಅದರ ಮೊದಲ ಮಾತು ಪ್ರೇಮದ್ದಲ್ಲ, ಬಾಡಿಗೆಯದು. ತಿಂಗಳ ಮೊದಲ ವಾರದಲ್ಲಿ ಮನೆ ಮಾಲಿಕನ ಹೆಜ್ಜೆ ಸಪ್ಪಳ ಕೇಳಿ ಎದೆ ಹೊಡೆದುಕೊಳ್ಳುವವರಿಗೆ ಇದು ದೂರದ ವಿಷಯವಾಗಲಾರದು.

ಚಿತ್ರದ ಹೆಸರು 'ದಿ ಮೋರ್ ದ ಮೆರಿಯರ್'. ಜನ ಹೆಚ್ಚಿದಷ್ಟೂ ಮೋಜು ಹೆಚ್ಚು ಎಂಬುದು ಅದರ ತಾತ್ಪರ್ಯ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಅಮೆರಿಕದ ಕೊಲಂಬಿಯಾ ಕಂಪನಿಯವರು ತೆರೆಗೆ ತಂದದ್ದು. ನಿರ್ದೇಶಕ ಜಾರ್ಜ್ ಸ್ಟೀವನ್ಸ್. ಮುಖ್ಯ ಪಾತ್ರಗಳಲ್ಲಿ ಜೀನ್ ಆರ್ಥರ್, ಜೋಯಲ್ ಮೆಕ್ರೀ ಮತ್ತು ಚಾರ್ಲ್ಸ್ ಕೋಬರ್ನ್ ಇದ್ದಾರೆ. ಕಥೆ ನಡೆಯುವುದು ರಾಜಧಾನಿ ವಾಷಿಂಗ್ಟನ್ನಿನಲ್ಲಿ. ಯುದ್ಧದ ಕೆಲಸದಿಂದ ಸರಕಾರಿ ಕಛೇರಿಗಳು ಉಬ್ಬಿದ್ದವು. ಗುಮಾಸ್ತರು, ಬೆರಳಚ್ಚಿನ ಹುಡುಗಿಯರು, ಸಿಪಾಯಿಗಳು, ಗುತ್ತಿಗೆದಾರರು ನಾಲ್ಕೂ ದಿಕ್ಕಿನಿಂದ ಬಂದು ಊರಿನಲ್ಲಿ ತುಂಬಿದ್ದರು. 1940ರ ಜನಗಣತಿಯಲ್ಲಿ 6,63,091 ಇದ್ದ ಜನಸಂಖ್ಯೆ 1950ರಲ್ಲಿ 8,02,178 ಆಗಿತ್ತು. ಜನ ರೈಲಿನಲ್ಲಿ ಬರುತ್ತಾರೆ, ಮನೆಗಳು ಹಾಗೆ ಬರುವುದಿಲ್ಲ. ಚಿತ್ರದ ಹಾಸ್ಯವೆಲ್ಲ ಹುಟ್ಟುವುದು ಇದರಿಂದಲೇ.

ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೆಂಜಮಿನ್ ಡಿಂಗಲ್ ಎಂಬ ಕೋಟ್ಯಧೀಶ ಮುದುಕ ವಾಷಿಂಗ್ಟನ್ನಿಗೆ ಬರುತ್ತಾನೆ. ಬಂದದ್ದು ಯಾತಕ್ಕೆ? ವಸತಿಯ ಅಭಾವದ ಬಗ್ಗೆ ಸರಕಾರಕ್ಕೆ ಸಲಹೆ ಕೊಡುವುದಕ್ಕೆ. ಬಂದು ನೋಡಿದರೆ ಅವನಿಗೇ ಹೋಟೆಲಿನಲ್ಲಿ ಕೋಣೆ ಇಲ್ಲ, ಎರಡು ದಿನ ಕಾಯಬೇಕು. ಪತ್ರಿಕೆಯಲ್ಲಿ ಒಂದು ಜಾಹೀರಾತು ಕಾಣುತ್ತದೆ: ಮನೆಯ ಅರ್ಧ ಭಾಗ ಬಾಡಿಗೆಗೆ ಇದೆ. ಅಲ್ಲಿಗೆ ಹೋಗುತ್ತಾನೆ. ಬಾಗಿಲ ಮುಂದೆ ಆಗಲೇ ಜನ ಕಾದು ನಿಂತಿದ್ದಾರೆ. ಡಿಂಗಲ್ ಮಹಾಶಯ ತಾನೇ ಮನೆಯವನೆಂಬಂತೆ ಠೀವಿಯಿಂದ, ಕೋಣೆ ಆಗಲೇ ಕೊಟ್ಟಾಯಿತು ಎಂದು ಸಾರಿ ಎಲ್ಲರನ್ನೂ ಕಳುಹಿಸಿಬಿಡುತ್ತಾನೆ. ಬಡಪಾಯಿಗಳು ನಂಬಿ ಹೋಗುತ್ತಾರೆ. ನೋಡುವವರು ಗೊಳ್ಳೆಂದು ನಗುತ್ತಾರೆ. ನಾನೂ ನಕ್ಕೆ. ಈ ಸಾಲನ್ನು ಓದುಗರು ನೆನಪಿನಲ್ಲಿಡಬೇಕು, ಮತ್ತೆ ಇಲ್ಲಿಗೇ ಬರುತ್ತೇನೆ.

ಮನೆಯ ಹುಡುಗಿಯ ಹೆಸರು ಕಾನಿ ಮಿಲಿಗನ್. ಸರಕಾರಿ ಕೆಲಸದವಳು, ತಾನೇ ಬಾಡಿಗೆಗಿರುವವಳು. ಊರಿನಲ್ಲಿ ಇಷ್ಟು ಅಭಾವವಿರುವಾಗ ಅರ್ಧ ಮನೆಯನ್ನು ಇನ್ನೊಬ್ಬರಿಗೆ ಬಿಡುವುದು ತನ್ನ ಕರ್ತವ್ಯ ಎಂದು ನಂಬಿದ್ದಾಳೆ. ಅವಳಿಗೆ ಬೇಕಾಗಿದ್ದದ್ದು ಒಬ್ಬ ಹೆಂಗಸು, ಬಂದು ಕೂತದ್ದು ಒಬ್ಬ ಮುದುಕ. ಮುದುಕನ ಬಾಯಿ ಜೋರು. ಹುಡುಗಿ ಬೇಡ ಬೇಡ ಎನ್ನುತ್ತಲೇ ಒಪ್ಪಿಕೊಳ್ಳುತ್ತಾಳೆ. ಒಪ್ಪಿದವಳು ಬೆಳಗಿನ ಹೊತ್ತಿನ ಒಂದು ವೇಳಾಪಟ್ಟಿ ಮಾಡಿಕೊಡುತ್ತಾಳೆ. ಯಾರು ಎಷ್ಟು ಹೊತ್ತಿಗೆ ಬಚ್ಚಲಿಗೆ ಹೋಗಬೇಕು, ಯಾರು ಕಾಫಿ ಕಾಯಿಸಬೇಕು, ಯಾರು ಹೊರಗಿನಿಂದ ಹಾಲು ತರಬೇಕು, ಎಲ್ಲಕ್ಕೂ ನಿಮಿಷದ ಲೆಕ್ಕ. ಮುದುಕ ಅದನ್ನು ಪಾಲಿಸಹೋಗಿ ಪಡುವ ಫಜೀತಿ, ಅವನ ಷರಾಯಿ ಕಾಣೆಯಾಗುವ ಗಲಾಟೆ ಇವನ್ನೆಲ್ಲ ಬರೆದು ತಿಳಿಸುವಂತಿಲ್ಲ, ಕಣ್ಣಿನಿಂದ ನೋಡಬೇಕು. ಕೋಬರ್ನನಿಗೆ ಪೋಷಕ ನಟನೆಂದು ಆಸ್ಕರ್ ಪ್ರಶಸ್ತಿ ಬಂದದ್ದು ಇದೇ ಪಾತ್ರಕ್ಕೆ.

ನಮ್ಮ ವಠಾರಗಳ ಹೆಂಗಸರು ಈ ವೇಳಾಪಟ್ಟಿಯನ್ನು ನೋಡಿದರೆ ಆಶ್ಚರ್ಯಪಡಲಾರರು. ಎಂಟು ಮನೆಗೆ ಒಂದು ನಲ್ಲಿ, ಎರಡು ಕಕ್ಕಸು ಇರುವಲ್ಲಿ ಅದು ಕಾಗದದ ಮೇಲಿರುವುದಿಲ್ಲ, ಬಾಯಲ್ಲೇ ಇರುತ್ತದೆ. ಯಾರ ಕೊಡ ಯಾವಾಗ ಎಂಬುದನ್ನು ಅಲ್ಲಿ ಕೂಸಿಗೂ ಕಲಿಸಿರುತ್ತಾರೆ.

ಮುಂದೆ ಏನಾಗುತ್ತದೆ ಎಂದರೆ, ಜೋ ಕಾರ್ಟರ್ ಎಂಬ ಸೈನ್ಯದ ತರುಣ ಸಾರ್ಜೆಂಟನೊಬ್ಬ ವಿಮಾನದ ಪಂಖವೊಂದನ್ನು ಹೊತ್ತುಕೊಂಡು ಅದೇ ಬಾಗಿಲಿಗೆ ಬರುತ್ತಾನೆ. ಕೆಲವು ದಿನಗಳಲ್ಲಿ ಅವನು ಆಫ್ರಿಕದ ಯುದ್ಧರಂಗಕ್ಕೆ ಹೊರಡಬೇಕು, ಅಲ್ಲಿಯವರೆಗೆ ತಲೆ ಇಡಲು ಜಾಗವಿಲ್ಲ. ಡಿಂಗಲ್ ತನ್ನ ಅರ್ಧದಲ್ಲಿ ಅರ್ಧವನ್ನು ಅವನಿಗೆ ಬಾಡಿಗೆಗೆ ಕೊಡುತ್ತಾನೆ. ಕೋಟ್ಯಧೀಶನಾದವನಿಗೆ ಎರಡು ದಿನದ ಮಟ್ಟಿಗೆ ಅರ್ಧ ಮನೆ ಸಿಕ್ಕಿತೋ ಇಲ್ಲವೋ, ಅದರಲ್ಲೂ ಒಳಬಾಡಿಗೆ ಹುಟ್ಟಿಸಿಬಿಟ್ಟ! ಬಂಡವಾಳ ಎಂದರೇನು ಎಂದು ಅಧ್ಯಯನ ಶಿಬಿರಗಳಲ್ಲಿ ಎರಡು ಗಂಟೆ ಪಾಠ ಹೇಳುತ್ತೇವಲ್ಲ, ಈ ಚಿತ್ರ ಎರಡೇ ನಿಮಿಷದಲ್ಲಿ ಹೇಳಿಬಿಡುತ್ತದೆ. ವಿಷಯ ಗೊತ್ತಾಗಿ ಕಾನಿ ಸಿಟ್ಟಾಗುತ್ತಾಳೆ, ಇಬ್ಬರೂ ಹೊರಡಿ ಎನ್ನುತ್ತಾಳೆ. ಆದರೆ ಹೊರಡಿಸುವಂತಿಲ್ಲ, ಏಕೆಂದರೆ ಅವರು ಕೊಟ್ಟ ಬಾಡಿಗೆ ಹಣ ಆಗಲೇ ಖರ್ಚಾಗಿದೆ, ಹಿಂದಕ್ಕೆ ಕೊಡಲು ಕೈಯಲ್ಲಿಲ್ಲ. ಈ ಚಿತ್ರವನ್ನು ಬರೆದವರಿಗೆ ತಿಂಗಳ ಸಂಬಳದಲ್ಲಿ ಬದುಕುವುದೆಂದರೆ ಏನೆಂದು ಗೊತ್ತಿತ್ತು ಎಂದು ನನಗೆ ಖಾತ್ರಿಯಾದದ್ದು ಇಲ್ಲಿ.

ಕಾನಿಗೆ ಮದುವೆ ನಿಶ್ಚಯವಾಗಿದೆ. ವರ ಪೆಂಡರ್‌ಗಾಸ್ಟ್ ಎಂಬ ದೊಡ್ಡ ಸರಕಾರಿ ಅಧಿಕಾರಿ. ಒಳ್ಳೆಯ ಸಂಬಳ, ತನ್ನ ಸ್ಥಾನಮಾನದ ಬಗ್ಗೆ ಬಹಳ ಕಾಳಜಿ, ಹೃದಯದಲ್ಲಿ ಮಾತ್ರ ಕಡತದ ಧೂಳು. ಅವಳು ಅವನನ್ನು ಪ್ರೀತಿಸುತ್ತಾಳೆಯೇ? ಹಾಗೇನೂ ಕಾಣುವುದಿಲ್ಲ. ಅವಳ ತಾಯಿ ಪ್ರೀತಿಸಿ ಮದುವೆಯಾಗಿದ್ದಳು, ಬದುಕಿಗೆ ಭದ್ರತೆ ಸಿಗಲಿಲ್ಲ. ತಾಯಿ ಮಾಡಿದ ತಪ್ಪನ್ನು ತಾನು ಮಾಡಬಾರದು ಎಂಬುದು ಮಗಳ ಹಟ. ಇದರಲ್ಲಿ ಹುಡುಗಿಯನ್ನು ಹಂಗಿಸುವಂಥದೇನೂ ಇಲ್ಲ. ನಾಳಿನ ಬಾಡಿಗೆಗೆ ಗತಿ ಏನೆಂದು ತಿಳಿಯದ ಲೋಕದಲ್ಲಿ ಹೆಣ್ಣು ಸಂಬಳವನ್ನು ನೋಡಿ ಕೈ ಹಿಡಿದರೆ ಅದು ಅವಳ ಆಸೆಬುರುಕತನವಲ್ಲ, ಲೋಕದ ದಾರಿದ್ರ್ಯ. ನಮ್ಮ ಮನೆಗಳಲ್ಲೂ ಹೆಣ್ಣು ಹೆತ್ತವರು ಮೊದಲು ಕೇಳುವುದು ಹುಡುಗನ ಗುಣವನ್ನಲ್ಲ, ಕೆಲಸ ಖಾಯಮ್ಮೋ ಅಲ್ಲವೋ ಎಂದು. ಅವರು ಕೆಟ್ಟವರೆಂದು ಹಾಗೆ ಕೇಳುವುದಿಲ್ಲ.

ಮುದುಕ ಡಿಂಗಲ್‌ಗೆ ಪೆಂಡರ್‌ಗಾಸ್ಟ್ ಹಿಡಿಸುವುದಿಲ್ಲ. ಕಾನಿಗೆ ಜೋ ತಕ್ಕವನೆಂದು ತೀರ್ಮಾನಿಸಿ ತಾನೇ ದಲ್ಲಾಳಿಯಾಗುತ್ತಾನೆ. ಹುಡುಗಿಯ ದಿನಚರಿಯನ್ನು ಕದ್ದು ಗಟ್ಟಿಯಾಗಿ ಓದಿ ಸಿಕ್ಕಿಬೀಳುತ್ತಾನೆ, ತಪ್ಪನ್ನೆಲ್ಲ ತಲೆಯ ಮೇಲೆ ಹಾಕಿಕೊಂಡು ಹೋಟೆಲಿಗೆ ಹೋಗುತ್ತಾನೆ. ಜೋ ಉಳಿಯುತ್ತಾನೆ. ಅನಂತರದ ಒಂದು ದೃಶ್ಯ ಬಹಳ ಚೆನ್ನಾಗಿದೆ. ಕ್ಯಾಮೆರಾ ಹೊರಗಿನಿಂದ ಎರಡು ಕಿಟಕಿಗಳನ್ನು ಒಟ್ಟಿಗೆ ನೋಡುತ್ತದೆ. ನಡುವೆ ತೆಳುವಾದ ಗೋಡೆ. ಗೋಡೆಯ ಈಚೆ ಒಂದು ಮಂಚ, ಆಚೆ ಒಂದು ಮಂಚ. ಇಬ್ಬರೂ ಕತ್ತಲಲ್ಲಿ ಮಲಗಿ ಗೋಡೆಯ ಮೂಲಕವೇ ಮಾತನಾಡುತ್ತಾರೆ, ಮನಸ್ಸು ಬಿಚ್ಚುತ್ತಾರೆ. ಆಮೇಲೆ ನೆರೆಮನೆಯ ಒಬ್ಬ ಪೋರ ಜೋನನ್ನು ಜಪಾನಿನ ಗೂಢಚಾರನೆಂದು ಪೋಲೀಸಿಗೆ ಹೇಳಿಬಿಡುತ್ತಾನೆ. ವಿಚಾರಣೆಯಲ್ಲಿ ಇಬ್ಬರೂ ಒಂದೇ ಮನೆಯಲ್ಲಿರುವ ಸಂಗತಿ ಬಯಲಾಗುತ್ತದೆ. ಮರ್ಯಾದೆ ಉಳಿಸಿಕೊಳ್ಳಲು, ಆಮೇಲೆ ರದ್ದು ಮಾಡಿಕೊಂಡರಾಯಿತೆಂದು, ಅವಸರದ ಮದುವೆ ನಡೆಯುತ್ತದೆ. ಮದುವೆಯಾಗಿ ಮನೆಗೆ ಬಂದು ನೋಡಿದರೆ ನಡುವಣ ಗೋಡೆಯೇ ಇಲ್ಲ! ಡಿಂಗಲ್ ಅದನ್ನು ತೆಗೆಸಿಹಾಕಿದ್ದಾನೆ. ಚಿತ್ರ ಮುಗಿಯುತ್ತದೆ.

ಈ ಚಿತ್ರದಲ್ಲಿ ನನಗೆ ನಿಜವೆನಿಸಿದ್ದು ಒಂದಿದೆ. ಅಪರಿಚಿತರು ಒಂದು ಸೂರಿನ ಕೆಳಗೆ ಬಂದಾಗ ಅವರನ್ನು ಹತ್ತಿರ ತರುವುದು ದೊಡ್ಡ ಮಾತಲ್ಲ, ಚಿಕ್ಕ ಕೆಲಸ. ಒಬ್ಬರು ಕಾಫಿ ಕಾಯಿಸಿದ್ದು, ಇನ್ನೊಬ್ಬರು ಬಚ್ಚಲು ಬಿಟ್ಟುಕೊಟ್ಟದ್ದು, ಮೂರನೆಯವರು ಹಾಲು ತಂದದ್ದು. ಇದು ನನಗೆ ಅನುಭವದಿಂದ ಗೊತ್ತು. ಮಾಸ್ತರಿಕೆಗೆ ಸೇರಿದ ಮೊದಲ ವರ್ಷ ಒಂದು ವಠಾರದ ಕೋಣೆಯಲ್ಲಿ ಗಿರಣಿಯ ರಾತ್ರಿ ಪಾಳಿಯವನೊಬ್ಬನೊಡನೆ ಇದ್ದೆ. ನಾನು ಶಾಲೆಗೆ ಹೊರಡುವ ಹೊತ್ತಿಗೆ ಅವನು ಮಲಗಲು ಬರುತ್ತಿದ್ದ. ನಾನು ಮಲಗುವ ಹೊತ್ತಿಗೆ ಅವನು ಗಿರಣಿಯಲ್ಲಿ. ಹಾಸಿಗೆ ಒಂದೇ, ಅದು ತಣ್ಣಗಾದದ್ದನ್ನು ನಾನು ಕಾಣೆ. ವಾರಕ್ಕೊಂದು ದಿನ ಮಾತ್ರ ಮುಖ ನೋಡುತ್ತಿದ್ದೆವು. ಆದರೂ ಅವನು ಬೆಳಗ್ಗೆ ಬರುವಾಗ ನಲ್ಲಿಯಿಂದ ನನ್ನ ಕೊಡವನ್ನೂ ತುಂಬಿಕೊಂಡು ಬರುತ್ತಿದ್ದ. ನಾನು ಅವನ ಊರಿನ ಕಾಗದಗಳನ್ನು ಓದಿ, ಉತ್ತರ ಬರೆದು, ದಿಂಬಿನ ಕೆಳಗೆ ಇಡುತ್ತಿದ್ದೆ. ಅವನ ಹೆಣ್ಣುಮಗುವಿಗೆ ಹಲ್ಲು ಬಂದ ಸುದ್ದಿ ಅವನಿಗಿಂತ ಮೊದಲು ನನಗೆ ತಿಳಿಯಿತು.

ಒಂದು ದಿನ ಮನೆಯ ಯಜಮಾನರು ಕರೆಸಿದರು. "ಮಾಸ್ತರೆ, ನಿಮ್ಮ ಮೇಲೆ ನನಗೇನೂ ಇಲ್ಲ. ನೀವಿಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಣ್ಣುತ್ತೀರಂತೆ. ವಠಾರದವರು ಆಡಿಕೊಳ್ಳುತ್ತಾರೆ. ಅವನು ಯಾರೆಂದು ನನಗೆ ಮೊದಲೇ ಹೇಳಬಾರದಿತ್ತೆ? ಅವನನ್ನು ಬಿಡಿಸಿ, ನೀವಿರಿ" ಎಂದರು. ಅವನ ಜಾತಿಯನ್ನು ನಾನು ಕೇಳಿರಲಿಲ್ಲ; ಅವರು ಕೇಳಿಸಿಕೊಂಡಿದ್ದರು. ನಾವಿಬ್ಬರೂ ಬಿಟ್ಟೆವು. ನನಗೆ ವಾರದೊಳಗೆ ಬೇರೆ ಕೋಣೆ ಸಿಕ್ಕಿತು. ಅವನಿಗೆ ಎರಡು ತಿಂಗಳು ಸಿಗಲಿಲ್ಲ. ಈ ಎರಡು ತಿಂಗಳ ಅಂತರವೇ ನನಗೆ ಬಹಳ ಪಾಠ ಕಲಿಸಿತು. ನಮ್ಮ ಡಿಂಗಲ್‌ರು ಗೋಡೆ ತೆಗೆಸುವುದಿಲ್ಲ, ಇಲ್ಲದ ಕಡೆ ಕಟ್ಟಿಸುತ್ತಾರೆ.

ಸೂರು ಹಂಚಿಕೊಳ್ಳುವುದು ಎಂದರೆ ಯಾವಾಗಲೂ ನಗೆಯ ಮಾತಲ್ಲ ಎಂಬುದನ್ನು ಈ ಚಿತ್ರದ ನಿರ್ದೇಶಕನೇ ಆಮೇಲೆ ಕಂಡುಕೊಂಡ. ಇದನ್ನು ಮುಗಿಸಿದ ಮೇಲೆ ಸ್ಟೀವನ್ಸ್ ಸೈನ್ಯ ಸೇರಿದ, ಯುದ್ಧದ ಚಿತ್ರಗಳನ್ನು ತೆಗೆಯುವ ತಂಡದ ಮುಖ್ಯಸ್ಥನಾದ. 1944ರಲ್ಲಿ ನಾರ್ಮಂಡಿಯಲ್ಲಿದ್ದ. 1945ರಲ್ಲಿ ದಖಾವು ಎಂಬಲ್ಲಿಯ ನಾಜಿ ಸೆರೆಶಿಬಿರದ ಬಾಗಿಲು ತೆರೆದಾಗ ಅಲ್ಲಿದ್ದುದನ್ನು ಅವನ ತಂಡ ಚಿತ್ರ ತೆಗೆಯಿತು. ನಗಿಸುವುದರಲ್ಲಿ ಹೆಸರಾದವನು ತಿರುಗಿ ಬಂದ ಮೇಲೆ ಹಿಡಿದದ್ದೆಲ್ಲ ಬೇರೆ ದಾರಿಯ ಚಿತ್ರಗಳು. 1959ರಲ್ಲಿ 'ದಿ ಡೈರಿ ಆಫ್ ಆನ್ ಫ್ರಾಂಕ್' ಎಂಬ ಚಿತ್ರ ಮಾಡಿದ. ಆಮ್‌ಸ್ಟರ್‌ಡ್ಯಾಮಿನ ಒಂದು ಕಟ್ಟಡದ ಹಿಂಭಾಗದಲ್ಲಿ ಎಂಟು ಮಂದಿ ಯಹೂದಿಗಳು, 1942ರಿಂದ 1944ರ ಆಗಸ್ಟಿನವರೆಗೆ, ಉಸಿರು ಬಿಗಿಹಿಡಿದು ಅಡಗಿದ್ದ ನಿಜವಾದ ಕಥೆ ಅದು.

ಅಲ್ಲಿಯೂ ಒಬ್ಬರಿಗೊಬ್ಬರು ಹೊಂದದವರು ಒಂದೇ ಮನೆಯಲ್ಲಿದ್ದರು, ಅಲ್ಲಿಯೂ ವೇಳಾಪಟ್ಟಿ ಇತ್ತು. ಹದಿಹರೆಯದ ಹುಡುಗಿ ಆನ್ ಒಬ್ಬ ನಡುವಯಸ್ಸಿನ ದಂತವೈದ್ಯನೊಡನೆ ಒಂದೇ ಇಕ್ಕಟ್ಟಾದ ಕೋಣೆಯಲ್ಲಿರಬೇಕಾಗಿತ್ತು. ಬರೆಯುವುದಕ್ಕೆ ಅಲ್ಲಿದ್ದ ಒಂದೇ ಪುಟ್ಟ ಮೇಜು ಯಾರಿಗೆ ಎಷ್ಟು ಹೊತ್ತು ಎಂದು ಇಬ್ಬರಿಗೂ ಜಗಳವಾಯಿತು. ಆ ಜಗಳದ ವಿಚಾರವನ್ನು ಅವಳು ದಿನಚರಿಯಲ್ಲಿ ಬರೆದದ್ದು 1943ರ ಜುಲೈಯಲ್ಲಿ. ಅಂದರೆ ಕಾನಿ ಮಿಲಿಗನ್ನಳ ವೇಳಾಪಟ್ಟಿಗೆ ಅಮೆರಿಕ ನಕ್ಕ ಅದೇ ವರ್ಷ. ಮೇಜೂ ಒಂದೇ, ಬಚ್ಚಲೂ ಒಂದೇ, ಜಗಳವೂ ಒಂದೇ ಬಗೆಯದು. ಒಂದು ಕಡೆ ಹಾಸ್ಯ, ಇನ್ನೊಂದು ಕಡೆ ದುರಂತ. ಭೇದ ಎಲ್ಲಿ? ವಾಷಿಂಗ್ಟನ್ನಿನ ಮನೆಯ ಬಾಗಿಲು ತೆಗೆದು ಅವರು ಹೊರಗೆ ಹೋಗಬಲ್ಲರು. ಆಮ್‌ಸ್ಟರ್‌ಡ್ಯಾಮಿನವರು ಬಾಗಿಲು ತೆಗೆದರೆ ಸಾವು. ಬೇಡವೆನಿಸಿದಾಗ ಹೊರಟುಹೋಗುವ ಸ್ವಾತಂತ್ರ್ಯ ಇರುವವನಿಗೆ ಮಾತ್ರ ಇಕ್ಕಟ್ಟು ತಮಾಷೆ.

ಈಗ ಆ ಬಾಗಿಲಿನ ಸಾಲಿಗೆ ಬರೋಣ. ಡಿಂಗಲ್ ಒಳ್ಳೆಯ ಮುದುಕ, ಅದನ್ನು ನಾನು ಒಪ್ಪುತ್ತೇನೆ. ಆದರೆ ಅವನು ಮಾಡಿದ್ದೇನು ಎಂದು ಲೆಕ್ಕ ಹಾಕಿ. ವಸತಿಯ ಅಭಾವವನ್ನು ನೀಗಿಸಲು ಬಂದವನು ಮೊದಲು ಮಾಡಿದ ಕೆಲಸ, ತನಗಿಂತ ಮುಂಚೆ ಬಂದು ನಿಂತವರನ್ನು ಸುಳ್ಳು ಹೇಳಿ ಕಳಿಸಿದ್ದು. ಅವನು ಒಳಗೆ ಹೋದ, ಕ್ಯಾಮೆರಾ ಅವನ ಹಿಂದೆಯೇ ಹೋಯಿತು. ಹೊರಗೆ ನಿಂತಿದ್ದವರ ಗತಿ ಏನಾಯಿತು? ಆ ರಾತ್ರಿ ಅವರು ಎಲ್ಲಿ ಮಲಗಿದರು? ಅವರಲ್ಲೂ ಒಬ್ಬಳು ಕಾನಿ, ಒಬ್ಬ ಜೋ ಇದ್ದಿರಬಹುದಲ್ಲವೆ? ಚಿತ್ರ ಮತ್ತೆ ಅವರ ಹೆಸರೆತ್ತುವುದಿಲ್ಲ. ಕೊನೆಯಲ್ಲಿ ಎರಡು ಕೋಣೆಯ ನಡುವಿನ ಗೋಡೆ ಬಿದ್ದಿತು ಎಂದು ನಾವು ಚಪ್ಪಾಳೆ ತಟ್ಟುತ್ತೇವೆ. ಗೋಡೆ ಬಿದ್ದದ್ದು ನಿಜ, ಮನೆ ಮಾತ್ರ ಒಂದೂ ಹೆಚ್ಚಲಿಲ್ಲ.

1966ರಲ್ಲಿ ಇದೇ ಕಥೆಯನ್ನು 'ವಾಕ್, ಡೋಂಟ್ ರನ್' ಎಂಬ ಹೆಸರಿನಲ್ಲಿ ಮತ್ತೆ ತೆಗೆದರು. ಈ ಸಲ ಊರು ಟೋಕಿಯೋ, ಕಾಲ 1964ರ ಒಲಿಂಪಿಕ್ ಪಂದ್ಯಗಳದು. ಯುದ್ಧದ ಬದಲು ಆಟದ ನೂಕುನುಗ್ಗಲು. ಪ್ರಸಿದ್ಧ ನಟ ಕೇರಿ ಗ್ರಾಂಟ್‌ನ ಕಟ್ಟಕಡೆಯ ಚಿತ್ರ ಅದು. ಅವನ ಪಾತ್ರ ಯಾವುದು? ಒಬ್ಬ ಶ್ರೀಮಂತ ಇಂಗ್ಲಿಷ್ ಉದ್ಯಮಪತಿ. ಇಪ್ಪತ್ತಮೂರು ವರ್ಷ ಕಳೆದರೂ ಜಾಗವಿಲ್ಲದ ಊರಿನಲ್ಲಿ ಎಲ್ಲವನ್ನೂ ಸರಿಮಾಡುವವನು ಮಾತ್ರ ಅದೇ ಹಣವಂತ ಮುದುಕನೇ! ಊರು ಬದಲಾಯಿತು, ಯಜಮಾನ ಬದಲಾಗಲಿಲ್ಲ.

ನಿಜವಾದ ವಾಷಿಂಗ್ಟನ್ನಿನಲ್ಲಿ ಕೆಲಸ ಮಾಡಿದ್ದು ಡಿಂಗಲ್‌ರ ಸದ್ಬುದ್ಧಿಯಲ್ಲ, ಕಾನೂನು. 1941ರ ಡಿಸೆಂಬರಿನಲ್ಲಿ ಬಾಡಿಗೆ ಕಾಯಿದೆ ಬಂದು, ಆ ವರ್ಷದ ಜನವರಿ 1ರಂದು ಇದ್ದ ಬಾಡಿಗೆಯೇ ಮಿತಿ ಎಂದು ಗೊತ್ತುಮಾಡಿತು. ನದಿಯ ಆಚೆ ದಡದಲ್ಲಿ ಸರಕಾರವೇ ಕೆಲಸದ ಹೆಂಗಸರಿಗಾಗಿ ಸಾಲು ವಸತಿಗೃಹಗಳನ್ನು ಕಟ್ಟಿ 1943ರಲ್ಲಿ ತೆರೆಯಿತು. ಸುಮಾರು 7,000 ಮಂದಿ ಅಲ್ಲಿದ್ದರು. ಬಂಡವಾಳದ ದೇಶವೆಂದು ಎದೆ ತಟ್ಟಿಕೊಳ್ಳುವವರೂ ಆಪತ್ತು ಬಂದಾಗ ಮನೆಯ ವಿಷಯದಲ್ಲಿ ಮಾರುಕಟ್ಟೆಯನ್ನು ನಂಬಿ ಕೂರಲಿಲ್ಲ ಎಂಬುದನ್ನು ಗಮನಿಸಬೇಕು. ಯುದ್ಧ ಗೆಲ್ಲಲು ಮನೆ ಬೇಕೆಂದು ಒಪ್ಪಿದವರು, ಬದುಕು ನಡೆಸಲು ಮನೆ ಬೇಕೆಂದರೆ ಏಕೆ ಹಿಂದೆ ಸರಿಯುತ್ತಾರೆ?

ಇನ್ನೊಂದು ಸಂಗತಿ. ಕಾನಿಯ ಬಾಗಿಲಿನ ಆ ಸಾಲಿನಲ್ಲಿ ನಿಲ್ಲಲೂ ಹಕ್ಕಿಲ್ಲದವರು ಆ ಊರಿನಲ್ಲಿ ಲಕ್ಷಗಟ್ಟಲೆ ಇದ್ದರು. ವಾಷಿಂಗ್ಟನ್ ಆಗ ಬಿಳಿಯರು ಕರಿಯರು ಎಂದು ಬೇರ್ಪಟ್ಟ ಊರು. ಸರಕಾರಿ ಕೆಲಸಕ್ಕೆ ಬಂದ ಕರಿಯ ಹೆಂಗಸರಿಗೆ ವಸತಿಗೃಹವೇ ಬೇರೆ. ಎಷ್ಟೋ ಬೀದಿಗಳಲ್ಲಿ ಮನೆಯ ಕ್ರಯಪತ್ರದಲ್ಲಿಯೇ ಇದನ್ನು ಕರಿಯರಿಗೆ ಮಾರಕೂಡದು ಎಂದು ಷರತ್ತು ಬರೆದಿರುತ್ತಿದ್ದರು. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡಕೂಡದೆಂದು ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 1948ರಲ್ಲಿ. ಆಗ ತೀರ್ಮಾನವಾದ ಮೊಕದ್ದಮೆಗಳಲ್ಲಿ ಒಂದು ವಾಷಿಂಗ್ಟನ್ನಿನದೇ. ಯುದ್ಧ ಇಲಾಖೆಯ ಮಹಾ ಕಟ್ಟಡ ಪೆಂಟಗನ್ 1941ರ ಸೆಪ್ಟೆಂಬರಿನಲ್ಲಿ ಆರಂಭವಾಗಿ 1943ರ ಜನವರಿಗೆ ಮುಗಿಯಿತು. ಅದರ ರಸ್ತೆಗಳಿಗಾಗಿ 1942ರಲ್ಲಿ ಕ್ವೀನ್ ಸಿಟಿ ಎಂಬ ಕರಿಯರ ಕೇರಿಯನ್ನೇ ನೆಲಸಮ ಮಾಡಿದರು. ಮನೆ ಕಳೆದುಕೊಂಡ ಎಷ್ಟೋ ಸಂಸಾರಗಳು ಸರಕಾರ ತಂದು ನಿಲ್ಲಿಸಿದ ಗಾಲಿಬಂಡಿಗಳಲ್ಲಿ ದಿನ ಕಳೆದವು. ಚಿತ್ರದಲ್ಲಿ ಈ ಗೋಡೆ ಕಾಣುವುದೇ ಇಲ್ಲ. ಇದನ್ನು ತೆಗೆಸಲು ಯಾವ ಡಿಂಗಲ್ಲನೂ ಬರಲಿಲ್ಲ. ಮೊಕದ್ದಮೆ ಹೂಡಿ, ಮೆರವಣಿಗೆ ಮಾಡಿ, ಏಟು ತಿಂದು ಆ ಜನವೇ ಕೆಡವಬೇಕಾಯಿತು.

1872ರಲ್ಲಿ ಎಂಗೆಲ್ಸ್ ಜರ್ಮನಿಯ ಒಂದು ಕಾರ್ಮಿಕ ಪತ್ರಿಕೆಯಲ್ಲಿ ಮನೆಯ ಪ್ರಶ್ನೆಯನ್ನು ಕುರಿತು ಲೇಖನಗಳನ್ನು ಬರೆದ. ಉಳ್ಳವರು ಮನೆಯ ಸಮಸ್ಯೆಯನ್ನು ಬಿಡಿಸುವುದಿಲ್ಲ, ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆಗೆ ಹಾಕುತ್ತಾರೆ ಎಂಬುದು ಅವನ ವಾದದ ಸಾರ. ಪೇಟೆಯ ನಡುವಿನ ಕೊಳಚೆ ಕೇರಿಯನ್ನು ಎತ್ತಿದರೆ ಅದು ಊರ ಹೊರಗೆ ಹುಟ್ಟುತ್ತದೆ. ಡಿಂಗಲ್ ಮಾಡಿದ್ದೂ ಇಷ್ಟೇ. ಆ ಸಾಲು ಕರಗಲಿಲ್ಲ, ಮುಂದಿನ ಬೀದಿಯ ಬಾಗಿಲಿಗೆ ಹೋಗಿ ನಿಂತಿತು.

ಹಾಗಾದರೆ ದಾರಿ ಇಲ್ಲವೆ? ಇದೆ. ಅದನ್ನು ಮಾಡಿ ತೋರಿಸಿದ ಊರು ವಿಯೆನ್ನಾ. ಮೊದಲ ಮಹಾಯುದ್ಧ ಮುಗಿದಾಗ ಅಲ್ಲಿಯೂ ಜನಕ್ಕೆ ಸೂರಿರಲಿಲ್ಲ. ಪಾಳಿಯ ಮೇಲೆ ಹಾಸಿಗೆ ಬಾಡಿಗೆಗೆ ಹಿಡಿದು ಮಲಗುವ ಕಾರ್ಮಿಕರು ಅಲ್ಲಿಯೂ ಇದ್ದರು. ಸಮಾಜವಾದಿಗಳ ಕೈಯಲ್ಲಿದ್ದ ನಗರಸಭೆ 1923ರಲ್ಲಿ ಮನೆ ಕಟ್ಟುವ ತೆರಿಗೆಯೊಂದನ್ನು ಹಾಕಿತು. ಅರಮನೆಯಂಥ ಮನೆಗೆ ಭಾರಿ ತೆರಿಗೆ, ಕೂಲಿಯವನ ಮನೆಗೆ ಹೆಸರಿಗಷ್ಟು. ಆ ಹಣದಿಂದ 1934ರೊಳಗೆ 60,000ಕ್ಕೂ ಹೆಚ್ಚು ಮನೆಗಳನ್ನು ಕಟ್ಟಿತು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಒಂದೇ ಕಟ್ಟಡದಲ್ಲಿ 1,382 ಮನೆಗಳು. ಅದರ ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು. ಪ್ರತಿ ಸಂಸಾರಕ್ಕೂ ಅದರದೇ ಬಾಗಿಲು, ಅದರದೇ ಕಕ್ಕಸು. ಎಲ್ಲರಿಗೂ ಸೇರಿದ್ದು ಬಟ್ಟೆ ಒಗೆಯುವ ಮನೆ, ಸ್ನಾನಗೃಹ, ಶಿಶುವಿಹಾರ, ಪುಸ್ತಕ ಭಂಡಾರ, ಮಕ್ಕಳು ಆಡುವ ಅಂಗಳ. ಒಗೆಯುವ ಮನೆಗೆ ಸರದಿಯ ಪ್ರಕಾರ ಹೋಗಬೇಕಾಗಿತ್ತು; ವೇಳಾಪಟ್ಟಿ ಅಲ್ಲಿಯೂ ತಪ್ಪಲಿಲ್ಲ. ಆದರೆ ಅದು ಅಭಾವದ ವೇಳಾಪಟ್ಟಿಯಲ್ಲ, ಒಟ್ಟಾಗಿ ಕಟ್ಟಿದ ಆಸ್ತಿಯನ್ನು ಒಟ್ಟಾಗಿ ಅನುಭವಿಸುವ ಕ್ರಮ. 1934ರ ಫೆಬ್ರವರಿಯಲ್ಲಿ ಸರ್ವಾಧಿಕಾರಿ ಡಾಲ್‌ಫಸ್‌ನ ಸೈನ್ಯ ಈ ಕಟ್ಟಡದ ಮೇಲೆ ಫಿರಂಗಿ ಹಾರಿಸಿತು. ಬಡವನಿಗೆ ಒಳ್ಳೆಯ ಮನೆ ಎಂದರೆ ಕೆಲವರಿಗೆ ಎಷ್ಟು ಕೋಪ ಬರುತ್ತದೆ ನೋಡಿ! ಕಟ್ಟಡ ಇಂದಿಗೂ ನಿಂತಿದೆ, ಜನ ಇಂದಿಗೂ ಅದರಲ್ಲಿ ವಾಸವಾಗಿದ್ದಾರೆ.

ಸಣ್ಣ ಅಂಗಡಿಕಾರರಾದ ಗೆಳೆಯರು ಇದು ಕಾರ್ಮಿಕರ ಮಾತು, ನಮ್ಮದಲ್ಲ ಎಂದುಕೊಳ್ಳಬಾರದು. ಮಳಿಗೆಯ ಬಾಡಿಗೆಗೂ ಮನೆಯ ಬಾಡಿಗೆಗೂ ಯಜಮಾನ ಒಬ್ಬನೇ. ಹತ್ತು ವರ್ಷ ಕೂತು ವ್ಯಾಪಾರ ಕುದುರಿಸಿದ ಜಾಗದ ಬೆಲೆ ಹೆಚ್ಚುವುದು ನಿಮ್ಮ ಬೆವರಿನಿಂದ. ಮುಂಗಡ ಏರಿಸುವ ಹಕ್ಕು ಮಾತ್ರ ಅವನದು. ಜೊತೆಗೆ, ತಿಂಗಳ ಸಂಬಳದಲ್ಲಿ ಅರ್ಧ ಬಾಡಿಗೆಗೆ ಹೋದರೆ ಗಿರಣಿಯವನು ನಿಮ್ಮ ಅಂಗಡಿಯಲ್ಲಿ ಕೊಳ್ಳುವುದಾದರೂ ಏನನ್ನು? ನಮ್ಮ ರಾಜ್ಯದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯಿದೆ ಹೋಗಿ 1999ರ ಕಾಯಿದೆ ಬಂತು. ಕಾಯಿದೆ ಪುಸ್ತಕದಲ್ಲಿರುತ್ತದೆ, ಅದನ್ನು ಬೀದಿಗೆ ತರುವುದು ಬಾಡಿಗೆದಾರರ ಒಗ್ಗಟ್ಟು.

ಆದ್ದರಿಂದ ಗೆಳೆಯರೆ, ಅವಕಾಶ ಸಿಕ್ಕರೆ ಈ ಚಿತ್ರವನ್ನು ಖಂಡಿತ ನೋಡಿ. ಮನೆಮಂದಿಯನ್ನೂ ಕರೆದುಕೊಂಡು ನೋಡಿ. ಜೀನ್ ಆರ್ಥರಳ ಸಿಟ್ಟಿಗೂ ಮುದುಕನ ಪೇಚಾಟಕ್ಕೂ ಹೊಟ್ಟೆ ತುಂಬ ನಗಿ. ಬಡವನಿಗೆ ನಗುವುದಕ್ಕೂ ಬಾಡಿಗೆ ಕೊಡಬೇಕಾಗಿಲ್ಲ. ಆದರೆ ಆ ಮೊದಲ ದೃಶ್ಯ ಬಂದಾಗ ಡಿಂಗಲ್ಲನ ಹಿಂದೆ ಒಳಗೆ ಹೋಗಿಬಿಡಬೇಡಿ. ಒಂದು ಗಳಿಗೆ ಹೊರಗೆ, ಮೆಟ್ಟಿಲ ಬಳಿ ನಿಲ್ಲಿ. ಅಲ್ಲಿಂದ ನಿರಾಶರಾಗಿ ತಿರುಗಿ ಹೋದವರನ್ನು ನೋಡಿ. ಅವರ ಮುಖ ನಿಮಗೆ ಗುರುತು ಸಿಗುತ್ತದೆ.

ಆಮೇಲೆ ನಮ್ಮ ಊರಿಗೆ ಬನ್ನಿ. ಎಷ್ಟು ಸಂಸಾರಗಳು ಒಂದೇ ಕೋಣೆಯಲ್ಲಿವೆ, ಎಷ್ಟು ಮನೆಗೆ ಎಷ್ಟು ನಲ್ಲಿ, ಜಾತಿ ಕೇಳಿ ಬಾಗಿಲು ಹಾಕಿದ ಮನೆಗಳೆಷ್ಟು ಎಂಬುದನ್ನು ವಾರ್ಡು ವಾರ್ಡಿಗೆ ನಾವೇ ಹೋಗಿ ಬರೆದುಕೊಳ್ಳೋಣ. ಆ ಪಟ್ಟಿಯನ್ನು ಹಿಡಿದು ನಗರಸಭೆಯ ಮುಂದೆ ನಿಲ್ಲೋಣ. ಒಬ್ಬೊಬ್ಬರಾಗಿ ಬಾಗಿಲಿಗೆ ಹೋದವರನ್ನು ಕೋಣೆ ಕೊಟ್ಟಾಯಿತು ಎಂದು ಒಂದು ಸುಳ್ಳು ಹೇಳಿ ಕಳಿಸಬಹುದು. ಊರಿಗೆ ಊರೇ ಸಾಲುಗಟ್ಟಿ ನಿಂತರೆ ಅಷ್ಟು ಸುಲಭವಾಗಿ ಕಳಿಸಲಾಗದು.